ಅಗ್ಗದ ಬೆಲೆಯೂ ಕೊಳ್ಳುವವನ ಧರ್ಮವೂ

ಮಾರುವವನ ಧರ್ಮವನ್ನು ಕುರಿತು ಲೋಕದಲ್ಲಿ ಬೇಕಾದಷ್ಟು ಉಪದೇಶವುಂಟು. ತೂಕದಲ್ಲಿ ಕಡಮೆ ಮಾಡಬಾರದು, ಹಾಲಿಗೆ ನೀರು ಬೆರಸಬಾರದು, ಹಳತನ್ನು ಹೊಸತೆಂದು ಹೇಳಬಾರದು ಎಂಬುದು ಮಕ್ಕಳಿಗೂ ಗೊತ್ತು. ಕೊಳ್ಳುವವನಿಗೂ ಒಂದು ಧರ್ಮವುಂಟೆಂಬ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಹಣವನ್ನು ಎಣಿಸಿ ಕೊಟ್ಟನು, ವಸ್ತುವನ್ನು ಕೈಗೆ ತೆಗೆದುಕೊಂಡನು, ಅಲ್ಲಿಗೆ ಅವನ ಹೊಣೆ ಮುಗಿಯಿತು ಎಂಬುದೇ ಸಾಮಾನ್ಯರ ಭಾವನೆ. ಈ ಭಾವನೆಯು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸಲು ಈ ಕಾಲದ ಒಂದು ಸಣ್ಣ ವ್ಯವಹಾರವು ಒಳ್ಳೆಯ ಒರೆಗಲ್ಲಾಗಿದೆ. ಪರದೇಶಕ್ಕೆ ಹೋದವನು ಅಲ್ಲಿಯ ಹಳೆಯ ಸಾಮಾನಿನ ಪೇಟೆಯಲ್ಲಿ, ತನ್ನ ಕಾರಿನ ಬಲವನ್ನೂ ವೇಗವನ್ನೂ ಹೆಚ್ಚಿಸತಕ್ಕ ಬಿಡಿಭಾಗಗಳನ್ನು, ಇತರರು ಬಳಸಿ ಬಿಟ್ಟವನ್ನು, ಅಗ್ಗದ ಬೆಲೆಗೆ ಕೊಂಡು ತರುವುದೇ ಆ ವ್ಯವಹಾರ.

ವೇಗದ ಮೋಹವು ಶಿಕಾರಿಪುರ ಸೊರಬಗಳ ಸೀಮೆಗೆ ಹೊಸದಲ್ಲ. ದೀಪಾವಳಿ ಕಳೆದ ಮೇಲೆ ಆ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ತೊಡಗುತ್ತದೆ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿ, ಬಣ್ಣಬಣ್ಣದ ಅಲಂಕಾರ ಮಾಡಿ ಬಿಟ್ಟ ಹೋರಿಯು ಜನಸಂದಣಿಯ ನಡುವೆ ಬಾಣದಂತೆ ಹಾಯ್ದುಹೋಗುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಅಂಥ ಹೋರಿಯೊಂದನ್ನು ಕೊಳ್ಳುವ ರೈತನು ನಡೆಸುವ ವಿಚಾರಣೆಯು ನ್ಯಾಯಸ್ಥಾನದ ವಿಚಾರಣೆಗೆ ಏನೂ ಕಡಮೆಯದಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಯಾರ ಹಟ್ಟಿಯಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು, ಈಗ ಏಕೆ ಮಾರುತ್ತಾರೆ ಎಂದು ಕೇಳುತ್ತಾನೆ. ದನದ ಜಾತ್ರೆಗಳಲ್ಲಿ ದಲ್ಲಾಳಿಯು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ರೂಢಿಯೊಂದುಂಟು. ಅಲ್ಲಿ ಬೆಲೆಗೆ ಮರೆಯುಂಟು, ದನಕ್ಕೆ ಮರೆಯಿಲ್ಲ. ಅದು ಹಾಡುಹಗಲಿನಲ್ಲಿ ನೂರು ಕಣ್ಣುಗಳ ಮುಂದೆ ನಿಂತಿರುತ್ತದೆ.

ಇಂಥ ರೈತನ ಮನೆಯಲ್ಲಿ ಹುಟ್ಟಿದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನು ಉದ್ಯೋಗಕ್ಕಾಗಿ ಅರಬ್ಬೀ ನಾಡಿಗೆ ಹೋಗಿದ್ದಾನೆ. ಊರಿನಲ್ಲಿ ಅವನದೊಂದು ಕಾರು ಇದೆ. ರಜೆಯ ಮೇಲೆ ಮನೆಗೆ ಹೊರಡುವ ಹಿಂದಿನ ಸಂಜೆ ಅವನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುತ್ತಾನೆ. ಅಲ್ಲಿ ಬೀದಿಬೀದಿಗಳಲ್ಲಿ ಬಿಚ್ಚಿದ ಕಾರುಗಳ ಎಂಜಿನುಗಳು, ಗೇರುಪೆಟ್ಟಿಗೆಗಳು, ಬಾಗಿಲುಗಳು, ಆಸನಗಳು ಮಾಳಿಗೆಯೆತ್ತರಕ್ಕೆ ಪೇರಿಸಲ್ಪಟ್ಟಿವೆ. ಎಂಜಿನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಅದರ ಬಲವನ್ನು ಹೆಚ್ಚಿಸುವ ಟರ್ಬೋಚಾರ್ಜರ್ ಒಂದು, ಹಗುರವಾದ ಅಲಾಯ್ ಚಕ್ರಗಳು ನಾಲ್ಕು, ಓಟದ ಕಾರಿನ ಸ್ಟಿಯರಿಂಗ್ ಚಕ್ರವೊಂದು ಅವನ ಕಣ್ಣಿಗೆ ಬೀಳುತ್ತವೆ. ಹೊಸದಕ್ಕೆ ಕೊಡಬೇಕಾದುದರಲ್ಲಿ ನಾಲ್ಕನೆಯ ಒಂದು ಪಾಲು ಕೊಟ್ಟರೆ ಸಾಕು. ಚೀಟಿ ಬೇಕೆ ಎಂದು ಅಂಗಡಿಯವನು ಕೇಳುವುದಿಲ್ಲ. ಬೇಕು ಎಂದು ತರುಣನೂ ಹೇಳುವುದಿಲ್ಲ. ಹೋರಿಯ ಹಲ್ಲು ನೋಡದೆ ಹಗ್ಗ ಹಿಡಿಯದ ಮನೆತನದವನು ಇಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಹಣ ಎಣಿಸುತ್ತಾನೆ. ಏಕೆ?

ಬಳಸಿದ ವಸ್ತುವನ್ನು ಕೊಳ್ಳುವುದೇ ಹೀನವೆಂದು ಇಲ್ಲಿ ಹೇಳುತ್ತಿಲ್ಲ. ಮಲೆನಾಡಿನಲ್ಲಿ ಕೆಡವಿದ ಮನೆಯ ಕಂಬವು ಮತ್ತೊಂದು ಮನೆಗೆ ಕಂಬವಾಗುತ್ತದೆ; ಅಜ್ಜನ ಪೆಟ್ಟಿಗೆ ಮೊಮ್ಮಗಳ ಮದುವೆಗೆ ಹೊಸ ಬಣ್ಣ ಬಳಿಸಿಕೊಂಡು ಬರುತ್ತದೆ. ಒಬ್ಬನಿಗೆ ಬೇಡವಾದುದು ಮತ್ತೊಬ್ಬನಿಗೆ ಬೇಕಾಗಿ, ಭೂಮಿಯಿಂದ ತೆಗೆದ ಕಬ್ಬಿಣವು ವ್ಯರ್ಥವಾಗದೆ ಉಳಿಯುವುದು ಮಿತವ್ಯಯವೂ ಹೌದು, ಒಂದು ಬಗೆಯ ಕೃತಜ್ಞತೆಯೂ ಹೌದು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಿಂದ ಎಷ್ಟೋ ಬಡವರ ಬಾಡಿಗೆ ಗಾಡಿಗಳು ಮರಳಿ ಜೀವ ಪಡೆದಿವೆ. ಆದುದರಿಂದ ಪ್ರಶ್ನೆಯು ಹಳತು ಹೊಸತೆಂಬುದಲ್ಲ. ಹಳೆಯ ವಸ್ತುವಿಗೆ ಹಿಂದೊಂದು ಚರಿತ್ರೆಯಿದೆ, ಮುಂದೊಂದು ಚರಿತ್ರೆಯಿದೆ. ಕೊಳ್ಳುವವನು ಆ ಎರಡಕ್ಕೂ ಎಷ್ಟರಮಟ್ಟಿಗೆ ಬಾಧ್ಯನೆಂಬುದೇ ಪ್ರಶ್ನೆ.

ಮೊದಲು ಹಿಂದಿನ ಚರಿತ್ರೆ. ವಸ್ತುವು ಯಾರದಾಗಿತ್ತು? ನದೀಮೂಲ ಋಷಿಮೂಲಗಳನ್ನು ಕೇಳಬಾರದೆಂಬ ಗಾದೆಯನ್ನು ಇಲ್ಲಿ ಕೆಲವರು ಮುಂದೆ ತರಬಹುದು. ಗುಜರಿಗೆ ಹೋಗಿ ಮೂಲ ಕೇಳುವುದು ಕಂಬಳಿಯಲ್ಲಿ ಉಣ್ಣಲು ಕುಳಿತು ಕೂದಲನ್ನು ಆರಿಸಿದಂತೆ ಎಂದು ನಗಲೂಬಹುದು. ಆದರೆ ನದಿಗೂ ಋಷಿಗೂ ಆ ವಿನಾಯಿತಿಯನ್ನು ಕೊಟ್ಟ ಹಿರಿಯರು ಎತ್ತಿಗೆ ಅದನ್ನು ಕೊಡಲಿಲ್ಲ. ಅಷ್ಟೇ ಅಲ್ಲ, ಒಡೆಯನಲ್ಲದವನು ಮಾಡುವ ಮಾರಾಟವನ್ನು ‘ಅಸ್ವಾಮಿವಿಕ್ರಯ’ವೆಂದು ಕರೆದು, ಧರ್ಮಶಾಸ್ತ್ರಕಾರರು ಅದನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿ ವಿಸ್ತಾರವಾಗಿ ವಿಚಾರಿಸಿದ್ದಾರೆ.

ಈ ವಿಚಾರವು ಶಿಕಾರಿಪುರದವರಿಗೆ ದೂರದ್ದಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಅದೇ ಅರಸರ ಕಾಲದಲ್ಲಿ ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ, ದೊಡ್ಡ ವ್ಯಾಪಾರದ ಪಟ್ಟಣವಾಗಿ ಮೆರೆಯಿತು. ಯಾಜ್ಞವಲ್ಕ್ಯನ ತೀರ್ಪು ಹೀಗಿದೆ: ಕಳೆದುಕೊಂಡವನು ತನ್ನ ವಸ್ತುವನ್ನು ಕೊಂಡವನ ಕೈಯಿಂದ ಮರಳಿ ಪಡೆಯಬಹುದು, ಮರೆಯಲ್ಲಿ ಕೊಂಡಿದ್ದರೆ ಕೊಂಡವನಿಗೆ ದೋಷವುಂಟು, ಹೀನನಿಂದ, ಏಕಾಂತದಲ್ಲಿ, ಹೀನವಾದ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನೆಂದೇ ತಿಳಿಯಬೇಕು. ಮಾರಿದವನನ್ನು ತೋರಿಸಿಕೊಟ್ಟರೆ ಮಾತ್ರ ಕೊಂಡವನು ಶುದ್ಧನಾಗುತ್ತಾನೆ.

ಇಲ್ಲಿ ‘ಹೀನ’ನೆಂದರೆ ಬಡವನೆಂದು ಅರ್ಥಮಾಡಿದರೆ ದೊಡ್ಡ ಅನ್ಯಾಯವಾದೀತು. ಮೈಗೆ ಎಣ್ಣೆಮಸಿ ಬಳಿದುಕೊಂಡು ದುಡಿಯುವ ಗುಜರಿಯವನು ಬಡವನಾದ ಮಾತ್ರಕ್ಕೆ ಅವನನ್ನು ಸಂಶಯಿಸುವುದು ಉಳ್ಳವರ ಹಳೆಯ ಕೆಟ್ಟ ಚಾಳಿ. ವಿಜ್ಞಾನೇಶ್ವರನು ಆ ತಪ್ಪಿಗೆ ಎಡೆಗೊಡಲಿಲ್ಲ. ಆ ವಸ್ತುವು ಕೈಸೇರುವ ಸಾಧನವು ಯಾರಿಗೆ ಇಲ್ಲವೋ ಅವನೇ ಆ ವಸ್ತುವಿನ ಮಟ್ಟಿಗೆ ಹೀನನು ಎಂದು ಅವನು ವಿವರಿಸಿದ್ದಾನೆ. ಎಂದರೆ ಕೇಳಬೇಕಾದುದು ‘ನೀನು ಯಾರು’ ಎಂದಲ್ಲ, ‘ಇದು ನಿನಗೆ ಹೇಗೆ ಬಂತು’ ಎಂದು. ಈ ಪ್ರಶ್ನೆಯನ್ನು ಬಡವನಿಗೂ ಕೇಳಬಹುದು, ಗಾಜಿನ ಅಂಗಡಿಯ ಸಾಹುಕಾರನಿಗೂ ಕೇಳಬಹುದು. ಪ್ರಾಮಾಣಿಕನಾದವನಿಗೆ ಇದರಿಂದ ಅವಮಾನವಿಲ್ಲ. ತನ್ನ ಸಾಮಾನು ಒಡೆದ ಕಾರಿನದು, ವಿಮೆಯ ಹರಾಜಿನಲ್ಲಿ ಬಂದದ್ದು ಎಂದು ಕಾಗದ ತೋರಿಸಿ ಅವನು ಎದೆಯೆತ್ತಿ ನಿಲ್ಲುತ್ತಾನೆ.

ಹೀನಬೆಲೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಅಗ್ಗವೆಂಬುದು ಕೊಳ್ಳುವವನಿಗೆ ಸಂತೋಷದ ವಿಷಯ. ಶಾಸ್ತ್ರಕಾರನಿಗೆ ಅದು ಸಾಕ್ಷ್ಯ. ನೂರಕ್ಕೆ ಬಾಳುವುದು ಇಪ್ಪತ್ತೈದಕ್ಕೆ ದೊರೆತಾಗ ಉಳಿದ ಎಪ್ಪತ್ತೈದನ್ನು ಯಾರೋ ಕೊಟ್ಟಿರಲೇಬೇಕು. ಹಿಂದಿನ ಒಡೆಯನು ತನ್ನ ಬಳಕೆಯಿಂದ ಅದನ್ನು ತೀರಿಸಿದ್ದರೆ ಲೇಸು. ಅವನಿಂದ ಅದನ್ನು ಕಿತ್ತುಕೊಂಡಿದ್ದರೆ? ೨೦೨೦ರಿಂದ ೨೦೨೨ರ ವರೆಗೆ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕಾರುಗಳ ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಎಂಬ ಭಾಗದ ಕಳವು ಬಹಳ ಹೆಚ್ಚಿತು. ಅದರೊಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಬೆಲೆಯೇ ಅದಕ್ಕೆ ಕಾರಣ. ಕೊಳ್ಳುವವರು ಇದ್ದುದರಿಂದಲೇ ಕೊಯ್ಯುವವರು ಹುಟ್ಟಿಕೊಂಡರು. ಬೆಳಗ್ಗೆ ಕೆಲಸಕ್ಕೆ ಹೊರಟ ಸಂಸಾರಸ್ಥನೊಬ್ಬನು ಕಾರಿನಡಿ ಕೊಯ್ದ ಕೊಳವೆಯನ್ನು ಕಂಡು ತಲೆಯ ಮೇಲೆ ಕೈ ಹೊತ್ತುದು, ಎಲ್ಲಿಯೋ ಯಾರೋ ಮೂಲ ಕೇಳದೆ ಅಗ್ಗಕ್ಕೆ ಕೊಂಡುದರ ಮತ್ತೊಂದು ತುದಿ.

ಹೊತ್ತಿನ ಮಾತೂ ಹುರುಳಿಲ್ಲದ್ದಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಒಂದು ವಿಚಿತ್ರ ನಿಯಮವಿತ್ತು. ಬಹಿರಂಗವಾದ ಸಂತೆಯಲ್ಲಿ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ, ಸದ್ಭಾವದಿಂದ ಕೊಂಡವನಿಗೆ ಕದ್ದ ವಸ್ತುವಿನ ಮೇಲೂ ಒಡೆತನ ಬರುತ್ತಿತ್ತು. ಲಂಡನ್ನಿನ ಸಂತೆಯೊಂದರಲ್ಲಿ ನಸುಕಿನಲ್ಲಿ ಮಾರಾಟವಾದ ಒಂದು ಜೊತೆ ದೀಪಸ್ತಂಭಗಳ ಮೊಕದ್ದಮೆಯು ೧೯೭೩ರಲ್ಲಿ ಅಪೀಲು ನ್ಯಾಯಾಲಯಕ್ಕೆ ಬಂದಿತು. ಸೂರ್ಯನು ಹುಟ್ಟುವ ಮುನ್ನ ನಡೆದ ವ್ಯಾಪಾರಕ್ಕೆ ಆ ರಕ್ಷಣೆಯಿಲ್ಲವೆಂದು ತೀರ್ಪಾಗಿ, ದೀಪಗಳು ಕಳೆದುಕೊಂಡವನಿಗೆ ಸೇರಿದವು. ಯಾಜ್ಞವಲ್ಕ್ಯನನ್ನು ಕಾಣದ ನ್ಯಾಯಾಧೀಶರೂ ಅದೇ ದಾರಿಯಲ್ಲಿ ನಡೆದರು. ೧೯೯೪ರ ಶಾಸನದಿಂದ ಆ ನಿಯಮವೇ ರದ್ದಾಯಿತು. ಭಾರತದ ೧೯೩೦ರ ಸರಕು ಮಾರಾಟ ಕಾಯಿದೆಯಲ್ಲಿಯೂ ಮಾರುವವನಿಗೆ ಇರುವುದಕ್ಕಿಂತ ಹೆಚ್ಚಿನ ಒಡೆತನವು ಕೊಳ್ಳುವವನಿಗೆ ಬರಲಾರದೆಂಬುದೇ ಸಾಮಾನ್ಯ ಸೂತ್ರ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಕದ್ದ ಮಾಲೆಂದು ತಿಳಿದು ಅಪ್ರಾಮಾಣಿಕವಾಗಿ ಪಡೆದವನನ್ನು ಮಾತ್ರವಲ್ಲ, ಹಾಗೆಂದು ನಂಬಲು ಕಾರಣವಿದ್ದೂ ಪಡೆದವನನ್ನು ದಂಡಿಸುತ್ತದೆ. ನಂಬಲು ಕಾರಣವಿದ್ದೂ ಕಣ್ಣು ಮುಚ್ಚಿಕೊಂಡವನ ಅಜ್ಞಾನವು ಅಜ್ಞಾನವಲ್ಲ. ಅದು ಅವನು ಬೇಕೆಂದು ಸಾಕಿಕೊಂಡ ಕತ್ತಲೆ.

ಒಡೆತನವು ಶುದ್ಧವಾಗಿದ್ದರೂ ವಸ್ತುವು ಶುದ್ಧವಾಗಿರಬೇಕೆಂಬ ನಿಯಮವಿಲ್ಲ. ಕೊಂಡ ಮೇಲೆ ದೋಷ ಕಂಡರೆ ಹಿಂದಿರುಗಿಸಲು ಯಾಜ್ಞವಲ್ಕ್ಯನು ಪರೀಕ್ಷೆಯ ಅವಧಿಗಳನ್ನು ಗೊತ್ತುಮಾಡಿದ್ದಾನೆ. ಬೀಜಕ್ಕೆ ಹತ್ತು ದಿನ, ರತ್ನಕ್ಕೆ ಏಳು ದಿನ, ಹೊರುವ ಎಳೆಯುವ ಪಶುವಿಗೆ ಐದು ದಿನ, ಕರೆಯುವ ಹಸುವಿಗೆ ಮೂರು ದಿನ, ಕಬ್ಬಿಣಕ್ಕೆ ಒಂದು ದಿನ. ಕಬ್ಬಿಣವು ತನ್ನ ದೋಷವನ್ನು ಬೇಗ ಹೇಳಿಬಿಡುತ್ತದೆಂದು ಆ ಕಾಲದವರು ಎಣಿಸಿರಬೇಕು. ಈ ಕಾಲದ ಲೋಹವು ಅಷ್ಟು ಸರಳವಲ್ಲ. ಟರ್ಬೋಚಾರ್ಜರಿನ ಕಡ್ಡಿಯು ನಿಮಿಷಕ್ಕೆ ಲಕ್ಷಕ್ಕಿಂತ ಹೆಚ್ಚು ಸುತ್ತು ತಿರುಗುವಂಥದು. ಅದರ ಸವೆತವು ಬೆರಳಿಗೆ ಮಾತ್ರ ತಿಳಿಯುವಷ್ಟು ಸಣ್ಣ ಅಲುಗಾಟದಲ್ಲಿ ಅಡಗಿರುತ್ತದೆ. ಅಲಾಯ್ ಚಕ್ರದ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕಿದ್ದು ಹೊರಗೆ ಹೊಸ ಬಣ್ಣವಿರಬಹುದು. ಓಟದ ಸ್ಪರ್ಧೆಗಳಿಗೆ ಒಪ್ಪಿಗೆ ಪಡೆದ ಆಸನ, ಪಟ್ಟಿಗಳಿಗೂ ಆಯುಸ್ಸಿನ ವರ್ಷವನ್ನು ಗೊತ್ತುಮಾಡಿರುತ್ತಾರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಲ್ಲಿ ಅದರ ಹುಟ್ಟಿದ ವಾರವೂ ವರ್ಷವೂ ಅಚ್ಚಾಗಿರುತ್ತದೆ. ಬ್ರೇಕಿನ ತಟ್ಟೆಯ ಮೇಲೆ ಅದು ಎಷ್ಟು ದಪ್ಪಕ್ಕಿಂತ ಸವೆಯಬಾರದೆಂಬ ಅಳತೆಯನ್ನು ಗುರುತುಮಾಡಿರುತ್ತಾರೆ. ಇವೇ ಕಬ್ಬಿಣದ ಹಲ್ಲು, ಇವೇ ಅದರ ಸುಳಿ. ನೋಡಬಲ್ಲವನಿಗೆ ಅವು ಮಾತಾಡುತ್ತವೆ. ಆದರೆ ಮರುದಿನ ಬೆಳಗ್ಗೆ ವಿಮಾನವನ್ನೇರುವ ತರುಣನಿಗೆ ಆ ಒಂದು ದಿನವೂ ಇಲ್ಲ.

ಪರೀಕ್ಷಿಸಲಾಗದ ವಸ್ತುವಿನ ಬೆಲೆಯನ್ನು ಯಾರು ತೆರುತ್ತಾರೆಂಬುದಕ್ಕೆ ಒಂದು ನಡೆದ ಸಂಗತಿಯುಂಟು. ಜಪಾನಿನ ಟಕಾಟ ಎಂಬ ಸಂಸ್ಥೆಯು ಮಾಡಿದ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಬಹುಕಾಲದ ಸೆಕೆಗೂ ತೇವಕ್ಕೂ ಕೆಟ್ಟು, ಏರ್‌ಬ್ಯಾಗು ಉಬ್ಬುವ ಬದಲು ಒಳಗಿನ ಲೋಹದ ಡಬ್ಬಿ ಸಿಡಿದು ಚೂರುಗಳು ಎರಚುತ್ತಿದ್ದುವು. ಅಮೆರಿಕ ಒಂದರಲ್ಲಿಯೇ ಸುಮಾರು ೬ ಕೋಟಿ ೭೦ ಲಕ್ಷ ಏರ್‌ಬ್ಯಾಗುಗಳನ್ನು ಬದಲಾಯಿಸಲು ಹಿಂದಕ್ಕೆ ಕರೆಯಬೇಕಾಯಿತು; ೨೦೧೭ರಲ್ಲಿ ಆ ಸಂಸ್ಥೆಯು ದಿವಾಳಿಯಾಯಿತು. ಅದೇ ವರ್ಷ ನೆವಾಡಾ ಸಂಸ್ಥಾನದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಕಾರು ಸಣ್ಣದೊಂದು ಅಪಘಾತಕ್ಕೆ ಸಿಕ್ಕಿ, ಏರ್‌ಬ್ಯಾಗು ಸಿಡಿದು ಅವಳ ಕುತ್ತಿಗೆಗೆ ಘೋರವಾದ ಗಾಯವಾಯಿತು. ವಿಚಾರಿಸಿದಾಗ ಆ ಏರ್‌ಬ್ಯಾಗು ಅವಳ ಕಾರಿನದಲ್ಲವೆಂದೂ, ಹಿಂದಕ್ಕೆ ಕರೆಯಲ್ಪಟ್ಟಿದ್ದ ಮತ್ತೊಂದು ಹಳೆಯ ಕಾರಿನಿಂದ ಬಿಚ್ಚಿ ಹಾಕಿದ್ದೆಂದೂ ತಿಳಿಯಿತು. ಆ ಮನೆಯವರಿಗೆ ಅದರ ಅರಿವೇ ಇರಲಿಲ್ಲ. ಆರು ತಿಂಗಳು ತೇವದಲ್ಲಿ ನೆನೆಯುವ ಸೊರಬದ ಕಡೆಗೆ, ಹುಟ್ಟೂರು ಗೊತ್ತಿಲ್ಲದ ಅಂಥದೊಂದು ಸ್ಟಿಯರಿಂಗ್ ಚಕ್ರವನ್ನು ತಂದು ಕೂರಿಸುವವನು ತನ್ನ ಎದೆಗೆ ಎದುರಾಗಿ ಏನನ್ನು ಇಟ್ಟುಕೊಳ್ಳುತ್ತಿದ್ದಾನೆಂದು ಅವನಿಗೆ ಗೊತ್ತಿಲ್ಲ.

‘ನನ್ನ ಎದೆ, ನನ್ನ ಹಣ, ಮಿಕ್ಕವರಿಗೇನು?’ ಎಂದು ತರುಣನು ಕೇಳಬಹುದು. ಇಲ್ಲಿಯೇ ವಸ್ತುವಿನ ಮುಂದಿನ ಚರಿತ್ರೆ ತೊಡಗುತ್ತದೆ. ಆ ಕಾರು ಓಡುವುದು ಓಟದ ಬಯಲಿನಲ್ಲಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ, ಅಲ್ಲಿಂದ ಸೊರಬಕ್ಕೆ ಹೋಗುವ ಹಾದಿಯಲ್ಲಿ. ಆ ಹಾದಿಯಲ್ಲಿ ಶಾಲೆಯ ಮಕ್ಕಳು ನಡೆಯುತ್ತಾರೆ. ಮೇವು ಹೊತ್ತ ಹೆಂಗಸರು ದಾಟುತ್ತಾರೆ. ಸಂಜೆ ದನಗಳು ಮನೆಗೆ ಮರಳುತ್ತವೆ. ಸುಗ್ಗಿಯಲ್ಲಿ ರಸ್ತೆಯಂಚೇ ಕಣವಾಗುತ್ತದೆ. ಬಿರುಕುಬಿಟ್ಟ ಚಕ್ರವು ತಿರುವಿನಲ್ಲಿ ಒಡೆದರೆ ಅದು ಕೊಂಡವನನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ಶಾರ್ಜಾದ ಬೀದಿಯಲ್ಲಿ ಆದ ಅಗ್ಗದ ಲಾಭದಲ್ಲಿ ಆ ಮಕ್ಕಳಿಗೆ ಪಾಲಿರಲಿಲ್ಲ. ನಷ್ಟದಲ್ಲಿ ಮಾತ್ರ ಪಾಲು ಬರುತ್ತದೆ. ತಾನು ಉಳಿಸಿದ ಹಣಕ್ಕೆ ಪರರ ಪ್ರಾಣವನ್ನು ಅವರಿಗೆ ತಿಳಿಸದೆ ಒತ್ತೆಯಿಡುವುದು ಯಾವ ಲೆಕ್ಕದಲ್ಲಿಯೂ ಮಿತವ್ಯಯವಾಗಲಾರದು. ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ವಿಧಿಸಿರುವುದನ್ನೂ, ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದುದನ್ನೂ ಕೆಲವರು ಉತ್ಸಾಹಭಂಗವೆಂದು ಹಳಿಯುತ್ತಾರೆ. ಆ ಕಟ್ಟಳೆಯು ರಕ್ಷಿಸುವುದು ಕಾರಿನ ಅಂದವನ್ನಲ್ಲ. ವ್ಯಾಪಾರದಲ್ಲಿ ಮಾತಿಲ್ಲದ, ಆದರೆ ಹಾದಿಯಲ್ಲಿ ಹಕ್ಕಿರುವ ಮೂರನೆಯವನನ್ನು.

ಹಾಗಾದರೆ ಪರದೇಶದಲ್ಲಿ ಹಳೆಯ ವಸ್ತುವನ್ನು ಕೊಳ್ಳಲೇಬಾರದೆ? ಹಾಗಲ್ಲ. ಜಪಾನಿನಲ್ಲಿ ಬಳಸಿದ ಕಾರುಭಾಗಗಳಿಗೆಂದೇ ಮೀಸಲಾದ, ದೀಪ ಬೆಳಗುವ, ರಸೀದಿ ಕೊಡುವ ಅಂಗಡಿಗಳ ಸಾಲುಗಳುಂಟು. ಶಾರ್ಜಾದಲ್ಲಿಯೂ ಮೂಲ ಹೇಳಬಲ್ಲ, ನಾಳೆ ಬಂದರೂ ಸಿಕ್ಕುವ ವರ್ತಕರುಂಟು. ಮುರಿದರೆ ಕಾರು ನಿಲ್ಲುವುದಷ್ಟೇ ಹೊರತು ಪ್ರಾಣಕ್ಕೆ ಎರವಾಗದ ಭಾಗಗಳೂ ಬೇಕಾದಷ್ಟಿವೆ. ಚೀಟಿ ಪಡೆದು, ಸುಂಕದ ಕಟ್ಟೆಯಲ್ಲಿ ನಿಜವಾದ ಬೆಲೆ ಹೇಳಿ, ಊರಿನಲ್ಲಿ ಬಲ್ಲ ಮೇಸ್ತ್ರಿಗೆ ತೋರಿಸಿ, ಅವನು ಬೇಡವೆಂದರೆ ಬಿಸಾಡಲು ಸಿದ್ಧನಾಗಿ ಕೊಳ್ಳುವವನನ್ನು ಯಾರೂ ಹಳಿಯಲಾರರು. ಆದರೆ ಹೀಗೆ ಕೊಂಡಾಗ ಅಗ್ಗವು ಮೊದಲಿನಷ್ಟು ಅಗ್ಗವಾಗಿ ಉಳಿಯುವುದಿಲ್ಲ. ನಿಜವಾದ ಬೆಲೆಯೆಂದರೆ ಅದೇ. ಮೊದಲು ಕಂಡುದು ಅರ್ಧ ಬೆಲೆ ಮಾತ್ರ.

ತರುಣನು ಶಾರ್ಜಾದಲ್ಲಿ ಪ್ರಶ್ನೆ ಕೇಳದೆ ಏಕೆ ಕೊಂಡನೆಂಬುದಕ್ಕೆ ಈಗ ಉತ್ತರ ಹೇಳಬಹುದು. ಅಲ್ಲಿ ಅವನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಊರ ಜಾತ್ರೆಯಲ್ಲಿ ಕದ್ದ ಹೋರಿಯನ್ನು ಕೊಂಡರೆ ತಂದೆಯ ತಲೆ ತಗ್ಗುತ್ತದೆ; ಕುಂಟುವ ಹೋರಿಯನ್ನು ಕೊಂಡರೆ ಓಣಿಯೆಲ್ಲ ನಗುತ್ತದೆ. ಪರದೇಶದಲ್ಲಿ ತಲೆ ತಗ್ಗುವ ಭಯವೂ ಇಲ್ಲ, ನಗುವವರೂ ಇಲ್ಲ. ಧರ್ಮವೆಂದು ಅವನು ತಿಳಿದುದರಲ್ಲಿ ಎಷ್ಟು ಪಾಲು ನೆರೆಹೊರೆಯ ಕಣ್ಣಾಗಿತ್ತು, ಎಷ್ಟು ಪಾಲು ತನ್ನದೇ ಆಗಿತ್ತು ಎಂಬುದು ಅಲ್ಲಿ ಬಯಲಾಯಿತು.

ಕಡಲಾಚೆಯ ವ್ಯಾಪಾರವು ಆ ಸೀಮೆಗೆ ಅಪರಿಚಿತವಾದುದೇನೂ ಅಲ್ಲ. ಬಳ್ಳಿಗಾವಿಯ ಸುಮಾರು ೧೦೫೪ರ ಶಾಸನವೊಂದು ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವನ್ನು ವರ್ಣಿಸುತ್ತದೆ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ಶಿಕಾರಿಪುರ ತಾಲ್ಲೂಕಿನ ಶಾಸನಗಳಲ್ಲಿ ಅದೂ ಒಂದು. ನೆಲದ ಹಾದಿಯಲ್ಲಿಯೂ ನೀರಿನ ಹಾದಿಯಲ್ಲಿಯೂ ದೇಶದೇಶಗಳನ್ನು ಸುತ್ತಿ, ಆನೆ ಕುದುರೆ ರತ್ನ ಕರ್ಪೂರಗಳನ್ನು ಸಗಟಾಗಿಯೂ ಹೆಗಲ ಮೇಲೆ ಹೊತ್ತೂ ಮಾರಿ, ಅರಸನ ಭಂಡಾರವನ್ನು ತುಂಬಿದವರೆಂದು ಅದು ಅವರನ್ನು ಹೊಗಳುತ್ತದೆ. ಅದೇ ಸಂಘದೊಡನೆ ಗುರುತಿಸಲ್ಪಡುವ ಐನೂರ್ವರ ೧೦೮೮ರ ಶಾಸನವು ಸುಮಾತ್ರದ ಬರೂಸ್ ಎಂಬಲ್ಲಿ ದೊರೆತಿದೆ. ಅಷ್ಟು ದೂರ ಹೋದಾಗಲೂ ಅವರು ತಮ್ಮ ಸಂಘದ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಹೋದಲ್ಲೆಲ್ಲ ಹೆಸರನ್ನು ಜೊತೆಗೆ ಒಯ್ದುದರಿಂದಲೇ ಅಪರಿಚಿತರ ನಾಡಿನಲ್ಲಿಯೂ ಅವರ ಮಾತಿಗೆ ಬೆಲೆಯಿತ್ತೆಂದು ಊಹಿಸಿದರೆ ತಪ್ಪಾಗದು.

ಆ ತರುಣನಿಗೆ ಬೇಕಾದುದೂ ಇಷ್ಟೇ. ಅವನಿಗೆ ಮಿತಾಕ್ಷರೆ ಗೊತ್ತಿರಬೇಕಾಗಿಲ್ಲ, ಮೊಕದ್ದಮೆಗಳು ತಿಳಿದಿರಬೇಕಾಗಿಲ್ಲ. ಆ ಅಂಗಡಿಯ ಮುಂದೆ ನಿಂತಾಗ ತನ್ನ ಹಿಂದೆ ಊರಿನವರು ನಿಂತಿದ್ದಾರೆಂದೂ, ತಂದೆಯು ಹೋರಿಯ ಹಗ್ಗ ಹಿಡಿಯುವ ಮುನ್ನ ಕೇಳುವ ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದಾನೆಂದೂ ಭಾವಿಸಿಕೊಂಡರೆ ಸಾಕು: ಯಾರದು? ಹೇಗಿದೆ? ಏಕೆ ಮಾರುತ್ತಾರೆ? ಈ ಮೂರಕ್ಕೂ ಉತ್ತರ ಬಂದರೆ ಕೊಳ್ಳಲಿ. ಬಾರದಿದ್ದರೆ ಬರಿಗೈಯಲ್ಲಿ ವಿಮಾನವನ್ನು ಏರಲಿ. ಅವನ ಹಳೆಯ ಕಾರು ಮೊದಲಿನ ವೇಗದಲ್ಲಿಯೇ ಅವನನ್ನು ಮನೆಯ ಬಾಗಿಲಿಗೆ ತಂದು ಮುಟ್ಟಿಸುತ್ತದೆ.